ಸಂಬಳ ಏರಿದರೆ ಅಮ್ಮನ ಬಿಪಿಎಲ್ ಕಾರ್ಡ್ ಹೋಗುತ್ತಾ?

ನಮ್ಮ ರಾಮಗಿರಿ ಕಡೆ ಡಿಗ್ರಿ, ಐಟಿಐ ಮುಗಿಸಿ ಬೆಂಗಳೂರಿಗೆ ಹೊರಟ ಹುಡುಗ-ಹುಡುಗಿಯರು ಕೇಳೋ ಪ್ರಶ್ನೆ ಒಂದಿದೆ: "ಅಣ್ಣಾ, ಪಿಎಫ್ ಕಟ್ ಆಗೋ ಕೆಲಸ ಸಿಕ್ಕಿದೆ. ಸೇರಿದ್ರೆ ಮನೆ ಕಾರ್ಡ್ ಕ್ಯಾನ್ಸಲ್ ಆಗುತ್ತಾ?" ಇವತ್ತಿನ ಮಾತು ಅದರ ಬಗ್ಗೆನೇ.

ಪಿಎಫ್ ಕಟ್ ಆಗುತ್ತೆ ಅನ್ನೋ ಒಂದೇ ಕಾರಣಕ್ಕೆ ಕಾರ್ಡ್ ಹೋಗಲ್ಲ. ನೋಡೋದು ಆದಾಯ. ಕರ್ನಾಟಕದಲ್ಲಿ ಆದ್ಯತಾ ಕುಟುಂಬಕ್ಕೆ, ಅಂದರೆ ನಾವು ಬಿಪಿಎಲ್ ಅನ್ನೋದಕ್ಕೆ, ವರ್ಷದ ಆದಾಯ 1.2 ಲಕ್ಷ ರೂಪಾಯಿ ದಾಟಬಾರದು. ಒಬ್ಬರದ್ದಲ್ಲ, ಇಡೀ ಕುಟುಂಬದ್ದು. ಸ್ವಲ್ಪ ಲೆಕ್ಕ ಹಾಕೋಣ. 2025-26ಕ್ಕೆ ಉದ್ಯೋಗ ಖಾತ್ರಿಯ ಕೂಲಿ ದಿನಕ್ಕೆ 370 ರೂಪಾಯಿ. ಆ ದರದಲ್ಲಿ ಒಬ್ಬ ಮನುಷ್ಯ 325 ದಿನ ದುಡಿದರೆ 1,20,250. ಮಿತಿ ದಾಟಿತು! ಗಂಡ-ಹೆಂಡತಿ ಇಬ್ಬರೂ ದುಡಿದರೆ ಏಳೆಂಟು ತಿಂಗಳೊಳಗೇ ಕಾಗದದ ಮೇಲೆ ಅವರು ಬಡವರಲ್ಲ. ಇಂಥ ಮಿತಿ ಇಟ್ಟುಕೊಂಡು ಜನ ಆದಾಯ ಮುಚ್ಚಿಡ್ತಾರೆ ಅಂತ ದೂರೋದು ನನಗಂತೂ ಸರಿ ಕಾಣಲ್ಲ.

ಸರಿ, ಕಾರ್ಡ್ ಎಪಿಎಲ್ ಆದರೆ ಏನೇನು ಹೋಗುತ್ತೆ? ಮೊದಲು ಅಕ್ಕಿ. 2025ರಲ್ಲಿ ಇದ್ದ ತಲೆಗೆ 10 ಕೆಜಿಯ ಲೆಕ್ಕದಲ್ಲಿ ನಾಲ್ಕು ಜನಕ್ಕೆ 40 ಕೆಜಿ. ಅಕ್ಕಿ ಬದಲು ದುಡ್ಡು ಹಾಕುವಾಗ ಸರ್ಕಾರ ಕಟ್ಟಿದ್ದ ಬೆಲೆ ಕೆಜಿಗೆ 34 ರೂಪಾಯಿ, ಆ ಲೆಕ್ಕದಲ್ಲಿ ತಿಂಗಳಿಗೆ 1,360. 15 ಸಾವಿರದ ಸಂಬಳ ಇದನ್ನು ತಡ್ಕೊಳುತ್ತೆ. ಗೃಹಲಕ್ಷ್ಮಿಯ 2,000 ಎಪಿಎಲ್ ಕಾರ್ಡಿಗೂ ಇದೆ. ಯಜಮಾನಿ ಅಥವಾ ಅವರ ಗಂಡ ಆದಾಯ ತೆರಿಗೆ ಇಲ್ಲವೇ ಜಿಎಸ್‌ಟಿ ಕಟ್ಟುವವರಾಗಿದ್ದರೆ ಮಾತ್ರ ಸಿಗಲ್ಲ. ಮಗನ ಸಂಬಳಕ್ಕೂ ಅದಕ್ಕೂ ಸಂಬಂಧ ಇಲ್ಲ.

ನಿಜವಾದ ಪೆಟ್ಟು ಬೀಳೋದು ಆಸ್ಪತ್ರೆಯಲ್ಲಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಆದ ಕೂಡಲೇ ಪ್ಯಾಕೇಜ್ ದರದ ಶೇ 30 ಮಾತ್ರ ಸರ್ಕಾರದ್ದು, ಅದೂ 1.5 ಲಕ್ಷದವರೆಗೆ. ಅಪ್ಪನ ಚಿಕಿತ್ಸೆಗೆ ಒಂದು ಲಕ್ಷದ ಪ್ಯಾಕೇಜ್ ಅಂದ್ಕೊಳ್ಳಿ. ಹೋದ ತಿಂಗಳು ಕೈಯಿಂದ ಏನೂ ಇಲ್ಲ, ಈ ತಿಂಗಳು 70 ಸಾವಿರ. ಸಂಬಳ ಏರಿದ್ದು ಎರಡು ಮೂರು ಸಾವಿರ ಇರಬಹುದು ಅಷ್ಟೇ. ಮೆಟ್ಟಿಲು ಇಳಿಯೋದಲ್ಲ ಇದು, ಬಾವಿಗೆ ಬೀಳೋದು.

ಒಂದು ಆಸರೆ ಇದೆ, ಹುಡುಗರಿಗೆ ಅದು ಗೊತ್ತಿರಲ್ಲ: ಇಎಸ್‌ಐ. ಇಎಸ್‌ಐಗೆ ಒಳಪಟ್ಟ ಕಂಪನಿಯಲ್ಲಿ ಸಂಬಳ ತಿಂಗಳಿಗೆ 21 ಸಾವಿರದೊಳಗಿದ್ದರೆ ನಿಮಗೂ, ನಿಮ್ಮನ್ನೇ ನಂಬಿರೋ ಅಪ್ಪ-ಅಮ್ಮನಿಗೂ ಚಿಕಿತ್ಸೆ ಸಿಗುತ್ತೆ. ಕೆಲಸಕ್ಕೆ ಸೇರಿದ ದಿನವೇ ಅವರ ಹೆಸರು ಸೇರಿಸಿದ್ದಾರಾ ಅಂತ ಎಚ್‌ಆರ್ ಹತ್ರ ಕೇಳಿ. ಅವರು ಊರಲ್ಲಿದ್ದರೆ ಯಾವ ಡಿಸ್ಪೆನ್ಸರಿಗೆ ಹೋಗಬೇಕು ಅನ್ನೋದನ್ನೂ ಕೇಳಿಕೊಳ್ಳಿ.

ಆದರೆ ಕಂಪನಿ ಬಾಗಿಲು ಹಾಕಿದರೆ? ಇಎಸ್‌ಐ ಚಿಕಿತ್ಸೆ ಆಮೇಲೂ ಸ್ವಲ್ಪ ಕಾಲ ಸಿಗಬಹುದು, ಆದರೆ ಕೊನೆಗೆ ನಿಲ್ಲುತ್ತೆ. ಬಿಪಿಎಲ್ ಕಾರ್ಡ್ ಮಾತ್ರ ಅಷ್ಟು ಬೇಗ ವಾಪಸ್ ಬರಲ್ಲ. ಹೊಸ ಅರ್ಜಿ ಸದಾ ತೆರೆದಿರಲ್ಲ, ತೆರೆದರೂ ಪರಿಶೀಲನೆಗೆ ಕಾಯಬೇಕು. ಕಾರ್ಡ್ ಹೋಗೋದಕ್ಕಿಂತ ಜನ ಹೆದರೋದು, ಹೋದದ್ದು ಮತ್ತೆ ಸಿಗಲ್ಲ ಅನ್ನೋದಕ್ಕೆ. ಸಂಬಳ ಅಕೌಂಟಿಗೆ ಬೇಡ, ಕೈಗೇ ಕೊಡಿ ಅನ್ನೋದು, ಒಂದೇ ಒಲೆಯ ಮನೆಯಲ್ಲಿ ಎರಡು ಕಾರ್ಡ್ ಮಾಡಿಸೋದು, ಎಲ್ಲ ಅದೇ ಭಯಕ್ಕೆ.

ಅಮೆರಿಕದಲ್ಲಿ ಇದಕ್ಕೊಂದು ವ್ಯವಸ್ಥೆ ಇದೆ. ದುಡಿಮೆ ಹೆಚ್ಚಾಗಿ ಮೆಡಿಕೈಡ್ ಮಿತಿ ದಾಟಿದ ಬಡ ಕುಟುಂಬಕ್ಕೆ ಆ ಆರೋಗ್ಯ ರಕ್ಷಣೆಯನ್ನು ಆರು ತಿಂಗಳು, ಆಮೇಲೆ ಷರತ್ತಿನ ಮೇಲೆ ಇನ್ನಾರು ತಿಂಗಳು ಮುಂದುವರಿಸ್ತಾರೆ. ನಮ್ಮಲ್ಲೂ ಅಕ್ಕಿ ನಿಲ್ಲಿಸಿದರೂ ಆಸ್ಪತ್ರೆ ಸೌಲಭ್ಯವನ್ನು ಒಂದು ವರ್ಷ ಉಳಿಸಬಹುದು, ಕೆಲಸ ಹೋದವರ ಹಳೇ ಕಾರ್ಡಿಗೆ ಮತ್ತೆ ಜೀವ ಕೊಡಬಹುದು. ಆಗದ ಕೆಲಸವೇನಲ್ಲ. 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ದೊಡ್ಡ ಗಲಾಟೆಯಾದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತ್ತು.

ಇನ್ನು ಎರಡು ಎಚ್ಚರಿಕೆ. ಸೆಕೆಂಡ್ ಹ್ಯಾಂಡ್ ಆದರೂ ವೈಟ್ ಬೋರ್ಡ್ ಕಾರು ಮನೆಯವರ ಹೆಸರಲ್ಲಿದ್ದರೆ ಕಾರ್ಡಿಗೆ ಕುತ್ತು. ಜೀವನೋಪಾಯಕ್ಕೆ ಇಟ್ಟುಕೊಂಡ ಒಂದು ಟ್ಯಾಕ್ಸಿ ಅಥವಾ ಟ್ರ್ಯಾಕ್ಟರಿಗೆ ವಿನಾಯಿತಿ ಇದೆ. ಬ್ಯಾಂಕ್ ಸಾಲಕ್ಕೆ ಅಂತ ಐಟಿ ರಿಟರ್ನ್ ಹಾಕಿದ್ದೀರಾ? ರಿಟರ್ನ್ ಹಾಕೋದು ಬೇರೆ, ತೆರಿಗೆ ಕಟ್ಟೋದು ಬೇರೆ. ತೆರಿಗೆ ಸೊನ್ನೆ ಅಂತ ತೋರಿಸೋ ಪ್ರತಿಯನ್ನು ಫೋನಲ್ಲಿ ಇಟ್ಟುಕೊಂಡಿರಿ. ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಕೊಡುವಾಗ ಕಾರ್ಡ್ ಎಪಿಎಲ್ ಆಗಿದೆ ಅಂದರೆ, ಅಂಗಡಿಯವರ ಜೊತೆ ಜಗಳ ಮಾಡಬೇಡಿ, ಅದು ಅವರ ಕೈಯಲ್ಲಿಲ್ಲ. ಆ ಪ್ರತಿ, ಆದಾಯ ಪ್ರಮಾಣಪತ್ರ, ಕಾರ್ಡ್ ತಗೊಂಡು ಹೊಳಲ್ಕೆರೆ ತಾಲ್ಲೂಕು ಕಚೇರಿಯಲ್ಲಿ ಆಹಾರ ಶಾಖೆಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.