ಕದ್ದ ಫೋನಿಗೆ ಕಳ್ಳನದೇ ಸಿಮ್

ಫೋನು ಕಳುವಾದರೂ ಲಾಕ್ ಇದೆಯಲ್ಲ ಎಂಬುದು ನಮ್ಮೆಲ್ಲರ ಧೈರ್ಯ. ಕಳ್ಳ ಹೆಚ್ಚೆಂದರೆ ಬಿಡಿಭಾಗಗಳ ಲೆಕ್ಕದಲ್ಲಿ ಮಾರಿಯಾನು, ಒಳಗಿರುವ ಫೋಟೊ, ಮೆಸೇಜು, ಬ್ಯಾಂಕ್ ಆ್ಯಪ್ ಮಾತ್ರ ಅವನಿಗೆ ದಕ್ಕವು ಎಂದುಕೊಳ್ಳುತ್ತೇವೆ. 2022ರಲ್ಲಿ ಹಂಗೆರಿಯ ಭದ್ರತಾ ಸಂಶೋಧಕ ಡೇವಿಡ್ ಶುಟ್ಸ್ ಈ ಧೈರ್ಯದ ಬುಡವನ್ನೇ ಅಲ್ಲಾಡಿಸಿದರು. ಅದಕ್ಕೆ ಬೇಕಾದದ್ದು ಒಂದು ಸಿಮ್ ಕಾರ್ಡು, ಎಂಟಂಕಿಯ ಒಂದು ಸಂಖ್ಯೆ ಮತ್ತು ಒಂದೆರಡು ನಿಮಿಷ.

ಅವರೇನೂ ಈ ದೋಷವನ್ನು ಹುಡುಕಿಕೊಂಡು ಹೊರಟವರಲ್ಲ. 24 ಗಂಟೆಗಳ ಪ್ರಯಾಣ ಮುಗಿಸಿ ಮನೆಗೆ ಬಂದಾಗ ಅವರ ಗೂಗಲ್ ಪಿಕ್ಸೆಲ್ 6 ಫೋನಿನಲ್ಲಿ ಉಳಿದಿದ್ದ ಚಾರ್ಜು ಬರೀ ಶೇ 1. ಮೆಸೇಜು ಟೈಪ್ ಮಾಡುತ್ತಿದ್ದಂತೆಯೇ ಫೋನು ಆಫ್ ಆಯಿತು. ಚಾರ್ಜಿಗೆ ಹಾಕಿ ಆನ್ ಮಾಡಿದರೆ ಸಿಮ್ ಪಿನ್ ಕೇಳಿತು. ಆಯಾಸಕ್ಕೋ ಏನೋ, ಗೊತ್ತಿದ್ದ ಪಿನ್ ನೆನಪಿಗೆ ಬರಲಿಲ್ಲ. ಮೂರು ಸಲ ತಪ್ಪು ಒತ್ತಿದ್ದೇ ಸಿಮ್ ಲಾಕ್ ಆಯಿತು. ಇನ್ನು ಅದನ್ನು ತೆರೆಯಲು ಪಿಯುಕೆ ಎಂಬ ಎಂಟಂಕಿಯ ಸಂಕೇತವೇ ಬೇಕು. ಸಿಮ್ ಬಂದಿದ್ದ ಹಳೆಯ ಪ್ಯಾಕೆಟ್ಟನ್ನು ಕಪಾಟಿನಲ್ಲಿ ತಡಕಾಡಿ ತೆಗೆದು, ಅದರ ಹಿಂಬದಿ ಕೆರೆದು ಸಂಖ್ಯೆ ಓದಿಕೊಂಡು, ಹೊಸ ಪಿನ್ ಇಟ್ಟರು.

ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಕೈತೊಳೆದುಕೊಂಡು ಮಲಗುತ್ತಿದ್ದರು. ಶುಟ್ಸ್ ಕಣ್ಣಿಗೆ ಒಂದು ಸಣ್ಣ ವಿಚಿತ್ರ ಬಿತ್ತು. ಪರದೆಯ ಮೇಲೆ ಬೀಗದ ಗುರುತು ಇರಬೇಕಾದ ಜಾಗದಲ್ಲಿ ಬೆರಳಚ್ಚಿನ ಗುರುತು ಮೂಡಿತ್ತು. ಆಫ್ ಆಗಿ ಆನ್ ಆದ ಫೋನು ಮೊದಲ ಸಲ ಪಿನ್ ಅಥವಾ ಪಾಸ್‌ವರ್ಡನ್ನೇ ಕೇಳಬೇಕು. ಒಳಗಿನ ಮಾಹಿತಿಯ ಗೂಢಲಿಪಿಯನ್ನು ಬಿಡಿಸುವ ಕೀಲಿ ಸಿಗುವುದೇ ಅದರಿಂದ. ಬೆರಳಿಗೆ ಆ ಅಧಿಕಾರವಿಲ್ಲ. ಇಲ್ಲಿ ಬೆರಳಿಟ್ಟರೆ ಫೋನು ಒಪ್ಪಿಯೂ ಬಿಟ್ಟಿತು. ಆಮೇಲೆ ‘ಪಿಕ್ಸೆಲ್ ಶುರುವಾಗುತ್ತಿದೆ’ ಎಂಬ ಸಂದೇಶ ತೋರಿಸಿ ಅಲ್ಲೇ ನಿಂತುಬಿಟ್ಟಿತು.

ಅದೊಂದು ಅವರ ತಲೆಯಲ್ಲಿ ಉಳಿಯಿತು. ಮರುದಿನದಿಂದ ಅದನ್ನೇ ಮತ್ತೆ ಮತ್ತೆ ಮಾಡಿ ನೋಡಿದರು: ಫೋನು ರೀಸ್ಟಾರ್ಟ್, ಮೂರು ತಪ್ಪು ಪಿನ್, ಪಿಯುಕೆ, ಹೊಸ ಪಿನ್. ಪ್ರತಿ ಸಲವೂ ಫೋನು ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಒಮ್ಮೆ ಮಾತ್ರ ರೀಸ್ಟಾರ್ಟ್ ಮಾಡಲು ಮರೆತರು. ಬಳಕೆಯಲ್ಲಿದ್ದ ಫೋನನ್ನು ಲಾಕ್ ಮಾಡಿ, ಆನ್ ಇರುವಾಗಲೇ ಸಿಮ್ ಟ್ರೇ ಎಳೆದು ಮತ್ತೆ ತಳ್ಳಿ, ಉಳಿದದ್ದನ್ನೆಲ್ಲ ಎಂದಿನಂತೆ ಮಾಡಿದರು. ಹೊಸ ಪಿನ್ ಒಪ್ಪಿಸಿದ ಮರುಕ್ಷಣ ಎದುರಿಗಿದ್ದದ್ದು ಅವರದೇ ಹೋಮ್ ಸ್ಕ್ರೀನ್! ಪಾಸ್‌ವರ್ಡೂ ಇಲ್ಲ, ಬೆರಳೂ ಇಲ್ಲ. ಕೈ ನಡುಗತೊಡಗಿತು ಎಂದು ಅವರೇ ಆಮೇಲೆ ಬರೆದುಕೊಂಡಿದ್ದಾರೆ. ಅವರ ಹಳೆಯ ಪಿಕ್ಸೆಲ್ 5 ಕೂಡ ಹೀಗೆಯೇ ತೆರೆದುಕೊಂಡಿತು.

ಕೈ ನಡುಗಿದ್ದು ಸುಮ್ಮನಲ್ಲ. ಗೊತ್ತಿರಬೇಕಾದದ್ದು ಫೋನಿನಲ್ಲಿ ಕೂತಿರುವ ಸಿಮ್ಮಿನ ಪಿಯುಕೆ ಮಾತ್ರ, ಆ ಸಿಮ್ ಯಾರದ್ದೆಂದು ಫೋನು ಕೇಳುವುದಿಲ್ಲ. ಕಳ್ಳ ಪಿನ್ ಇಟ್ಟ ತನ್ನದೇ ಸಿಮ್ ತಂದು ತೂರಿಸಿ, ಮೂರು ಸಲ ಬೇಕೆಂದೇ ತಪ್ಪು ಒತ್ತಿ, ತನ್ನ ಬಳಿ ಇರುವ ಪಿಯುಕೆ ಹಾಕಿದರೆ ಮುಗಿಯಿತು. ಬೇರೆಯವರ ಫೋನು ಅವನದಾಯಿತು.

ಒಳಗೆ ಆಗುತ್ತಿದ್ದದ್ದು ಇಷ್ಟು. ಆಂಡ್ರಾಯ್ಡ್‌ನಲ್ಲಿ ಲಾಕ್ ಎಂದರೆ ಒಂದೇ ಪರದೆಯಲ್ಲ. ಸಿಮ್ ಪಿನ್, ಪಿಯುಕೆ, ಪಾಸ್‌ವರ್ಡ್, ಬೆರಳಚ್ಚು ಹೀಗೆ ಒಂದರ ಮೇಲೊಂದು ಬರುವ ಪರದೆಗಳಿವೆ. ಪಿಯುಕೆ ಸರಿಯಾದರೆ ಆ ಪರದೆಯನ್ನು ತೆಗೆಯಬೇಕೆಂಬ ಆಜ್ಞೆ ಹೊರಡುತ್ತದೆ. ಆದರೆ ಸಿಮ್ ಸರಿಹೋದದ್ದನ್ನು ತಂತ್ರಾಂಶದ ಇನ್ನೊಂದು ಭಾಗ ಅಷ್ಟರಲ್ಲೇ ಗಮನಿಸಿ, ಪಿಯುಕೆ ಪರದೆ ಸರಿಸಿ ಪಾಸ್‌ವರ್ಡಿನ ಪರದೆ ತಂದಿಟ್ಟಿರುತ್ತಿತ್ತು. ‘ಎದುರಿಗೆ ನಿಂತವರನ್ನು ಒಳಗೆ ಬಿಡು’ ಎಂಬ ಅಪ್ಪಣೆ ಕಾವಲುಗಾರನಿಗೆ ಮುಟ್ಟುವಷ್ಟರಲ್ಲಿ ಎದುರಿಗೆ ನಿಂತವರೇ ಬದಲಾಗಿದ್ದಂತೆ, ಪಿಯುಕೆಗೆಂದು ಹೊರಟ ಆಜ್ಞೆ ಪಾಸ್‌ವರ್ಡಿನ ಪರದೆಯನ್ನೇ ಎತ್ತಿಹಾಕುತ್ತಿತ್ತು. ಅದರ ಹಿಂದೆ ಇನ್ನಾವ ತಡೆಯೂ ಇರಲಿಲ್ಲ. ರೀಸ್ಟಾರ್ಟ್ ಆದ ಫೋನಿನಲ್ಲಾದರೆ ಕೀಲಿಯೇ ಸಿದ್ಧವಿಲ್ಲದ್ದರಿಂದ ಅದು ನಡುದಾರಿಯಲ್ಲಿ ನಿಂತಿತ್ತು. ಬಳಕೆಯಲ್ಲಿದ್ದ ಫೋನಿನ ನೆನಪಿನಲ್ಲಿ ಕೀಲಿ ಇದ್ದೇ ಇತ್ತು.

2022ರ ಜೂನ್‌ನಲ್ಲಿ ಶುಟ್ಸ್ ಗೂಗಲ್‌ಗೆ ವರದಿ ಸಲ್ಲಿಸಿದರು. ಸ್ವೀಕೃತಿ ಬೇಗ ಬಂತು, ಪರಿಹಾರ ಬರಲಿಲ್ಲ. ಇದನ್ನು ಈಗಾಗಲೇ ಬೇರೊಬ್ಬರು ತಿಳಿಸಿದ್ದಾರೆ, ಹಾಗಾಗಿ ಬಹುಮಾನವಿಲ್ಲ ಎಂಬ ಉತ್ತರವೂ ಬಂತು. ಸೆಪ್ಟೆಂಬರ್‌ನ ಅಪ್‌ಡೇಟ್ ಹಾಕಿ ನೋಡಿದರೆ ಬೀಗ ಹಾಗೆಯೇ ಕಳಚುತ್ತಿತ್ತು. ಸಂಶೋಧಕರಿಗಾಗಿ ಗೂಗಲ್ ಲಂಡನ್ನಿನಲ್ಲಿ ನಡೆಸಿದ ಕೂಟಕ್ಕೆ ಹೋಗಿದ್ದ ಅವರು, ಅಲ್ಲಿನ ಎಂಜಿನಿಯರುಗಳ ಎದುರೇ ಮಾಡಿ ತೋರಿಸಲು ನಿಂತರು. ಸಿಮ್ ಟ್ರೇ ತೆಗೆಯುವ ಪಿನ್ನು ಯಾರ ಬಳಿಯೂ ಇರಲಿಲ್ಲ. ಸೂಜಿ ಚುಚ್ಚಲು ಹೋದ ಗೂಗಲ್ ಉದ್ಯೋಗಿಯ ಬೆರಳಿನಿಂದ ರಕ್ತ ಬಂದು ಪಟ್ಟಿ ಹಾಕಬೇಕಾಯಿತು. ಕೊನೆಗೆ ಅಲ್ಲಿದ್ದ ಮಹಿಳೆಯೊಬ್ಬರು ಕಿವಿಯೋಲೆ ಬಿಚ್ಚಿಕೊಟ್ಟರು. ಟ್ರೇ ಹೊರಬಂತು, ಫೋನು ತೆರೆಯಿತು.

ಅಕ್ಟೋಬರ್ 15ರ ಬಳಿಕ ಎಲ್ಲವನ್ನೂ ಬಹಿರಂಗಪಡಿಸುತ್ತೇನೆ ಎಂದು ಅವರು ಗಡುವು ಹಾಕಿದ್ದರು. ಗಡುವು ದಾಟಿದ ಮೇಲೆ, ನವೆಂಬರ್ 5ರ ಅಪ್‌ಡೇಟಿನಲ್ಲಿ ಪರಿಹಾರ ಬಂತು. ಆಂಡ್ರಾಯ್ಡ್ 10ರಿಂದ 13ರವರೆಗಿನ ಆವೃತ್ತಿಗಳಲ್ಲಿದ್ದ ಈ ದೋಷಕ್ಕೆ ಭದ್ರತಾ ದೋಷಗಳ ಪಟ್ಟಿಯಲ್ಲಿ ಸಿವಿಇ-2022-20465 ಎಂಬ ಸಂಖ್ಯೆ ಬಿತ್ತು. ಯಾವ ಬಗೆಯ ಪರದೆ ತೆಗೆಯಬೇಕೆಂದು ಆಜ್ಞೆಯಲ್ಲೇ ಹೇಳುವಂತೆ ಮಾಡಿದ್ದು ಗೂಗಲ್ ತಂದ ತಿದ್ದುಪಡಿ. ಮೊದಲು ತಿಳಿಸಿದವರು ಬೇರೆಯವರಾದರೂ ದುರಸ್ತಿಯ ಕೆಲಸ ಶುರುವಾದದ್ದು ಶುಟ್ಸ್ ವರದಿಯಿಂದ ಎಂದು ಒಪ್ಪಿ, ಕಂಪನಿ ಅವರಿಗೆ 70,000 ಡಾಲರ್ ಕೊಟ್ಟಿತು. ಆಗಿನ ಲೆಕ್ಕದಲ್ಲಿ ಸುಮಾರು 57 ಲಕ್ಷ ರೂಪಾಯಿ. ದೋಷ ಕಂಡರಷ್ಟೇ ಸಾಲದು, ಅದು ಇನ್ನೊಬ್ಬರ ಕೈಯಲ್ಲೂ ಆಗುವಂತೆ ಮಾಡಿ ತೋರಿಸಿದಾಗಲೇ ಆವಿಷ್ಕಾರ ಪೂರ್ತಿಯಾಗುವುದು.

ಆ ಬಾಗಿಲು ಮುಚ್ಚಿದೆ, ಅಪ್‌ಡೇಟ್ ಮಾಡಿಕೊಂಡವರಿಗೆ. ಮೂರು ದಿನ ಯಾರೂ ತೆರೆಯದ ಫೋನು ತಾನಾಗಿ ರೀಸ್ಟಾರ್ಟ್ ಆಗಿ ಕೀಲಿಯನ್ನು ಮರೆತುಬಿಡುವ ವ್ಯವಸ್ಥೆಯನ್ನೂ ಗೂಗಲ್ 2025ರಲ್ಲಿ ತಂದಿತು. ಇವೆಲ್ಲ ಕಾಯುವುದು ಫೋನನ್ನು, ಸಿಮ್ಮನ್ನಲ್ಲ. ಲಾಕ್ ಆದ ಫೋನಿನಿಂದ ನಿಮ್ಮ ಸಿಮ್ ಕಿತ್ತು ಬೇರೆ ಫೋನಿಗೆ ಹಾಕಿದರೆ ನಿಮಗೆ ಬರಬೇಕಾದ ಒಟಿಪಿ ಕಳ್ಳನಿಗೆ ಹೋಗುತ್ತದೆ. ಇದಕ್ಕೆ ಯಾವ ಜಾಣ್ಮೆಯೂ ಬೇಡ. ಆದ್ದರಿಂದ ಸಿಮ್‌ಗೂ ಪಿನ್ ಇಡಿ. ಇಡುವ ಮುನ್ನ ನಿಮ್ಮ ಕಂಪನಿಯ ಮೂಲ ಪಿನ್ ಯಾವುದೆಂದು ಕೇಳಿಕೊಳ್ಳಿ, ಪಿಯುಕೆ ಬರೆದಿಡಿ. ಲಾಕ್ ಸ್ಕ್ರೀನಿನ ಮೇಲೆ ಮೆಸೇಜು ಕಾಣದಂತೆ ಮಾಡಿ. *#06# ಒತ್ತಿ ಫೋನಿನ ಗುರುತಿನ ಸಂಖ್ಯೆಯಾದ ಐಎಂಇಐ ಬರೆದಿಟ್ಟುಕೊಳ್ಳಿ. ಫೋನು ಹೋದರೆ ಮೊದಲು ಸಿಮ್ ಬ್ಲಾಕ್ ಮಾಡಿಸಿ, ಆಮೇಲೆ ಪೊಲೀಸರಿಗೆ ದೂರು ಕೊಟ್ಟು ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಫೋನನ್ನೂ ಬ್ಲಾಕ್ ಮಾಡಿಸಿ. ಖಾತೆಯಿಂದ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.