ಜರಡಿಗೆ ಓದು ಬಾರದು

ಶಿಕಾರಿಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನವನ್ನು ಬೋಧಿಸುತ್ತಿರುವ ಅಧ್ಯಾಪಕಿಯೊಬ್ಬರು ಕೇಳಿರುವ ಪ್ರಶ್ನೆ ಇದು: “ನಮ್ಮ ಶಾಲೆಯ ಇಂಟರ್‌ನೆಟ್ಟಿಗೆ ಫಿಲ್ಟರ್ ಹಾಕಿದ್ದಾರೆ. ವಿದ್ಯುನ್ಮಂಡಲದ ಪ್ರಯೋಗವನ್ನು ಮಕ್ಕಳೇ ಪರದೆಯ ಮೇಲೆ ಮಾಡಬಹುದಾದ ಪುಟವೊಂದಕ್ಕೆ ಅನುಮತಿ ಕೇಳಿ ಪಡೆದೆ. ಪುಟವೇನೋ ತೆರೆಯುತ್ತದೆ, ಶೀರ್ಷಿಕೆಯೂ ಕಾಣುತ್ತದೆ; ಬ್ಯಾಟರಿಯೂ ಇಲ್ಲ, ಬಲ್ಬೂ ಇಲ್ಲ. ಬಿಟ್ಟಂತೆಯೂ ಇದೆ, ತಡೆದಂತೆಯೂ ಇದೆ. ಇದೇಕೆ?”

ಕಳೆದ ಮಳೆಗಾಲದಲ್ಲಿ ಸೊರಬ ತಾಲ್ಲೂಕಿನ ಶಾಲೆಯೊಂದರ ಕಂಪ್ಯೂಟರ್ ಕೊಠಡಿಯಲ್ಲಿ ಇದೇ ದೃಶ್ಯವನ್ನು ನಾನೂ ಕಂಡಿದ್ದೆನಾದ್ದರಿಂದ ಪ್ರಶ್ನೆ ನನಗೆ ಬಹಳ ಹಿಡಿಸಿತು. ಬಿಳಿಯ ಪರದೆಯ ನಡುವೆ ಚಕ್ರವೊಂದು ಸುಮ್ಮನೆ ತಿರುಗುತ್ತಿರಲು, ಒಬ್ಬರು ಮಳೆಯನ್ನು ದೂರಿದರು, ಮತ್ತೊಬ್ಬರು ವೈರಸ್ ಹೊಕ್ಕಿದೆಯೆಂದರು, ಮೂರನೆಯವರು ಹಿಂದಿನ ಆಯುಧಪೂಜೆಯಲ್ಲಿ ಯಂತ್ರಗಳಿಗೆ ಕುಂಕುಮವಿಡದೇ ಹೋದುದನ್ನು ನೆನಪಿಸಿದರು. ವಿಜ್ಞಾನದ ಪಾಠ ನಡೆಯಬೇಕಾದ ಕೋಣೆಯಲ್ಲಿಯೇ ಕಾರಣವನ್ನು ಹುಡುಕದೆ ಕುಂಕುಮವನ್ನು ಹುಡುಕುವ ಈ ಅಭ್ಯಾಸವನ್ನು ನಾವು ಇನ್ನಾದರೂ ಬಿಡಬೇಕು.

ಫಿಲ್ಟರೆಂಬ ಜರಡಿಯೆಂದರೆ ಪ್ರತಿಯೊಂದು ಪುಟವನ್ನೂ ಓದಿ, ಒಳಿತು ಕೆಡುಕುಗಳನ್ನು ವಿವೇಚಿಸಿ ಒಳಬಿಡುವ ಪಂಡಿತನಾದ ದ್ವಾರಪಾಲಕನೆಂದು ಬಹುಮಂದಿ ಭಾವಿಸಿದ್ದಾರೆ. ಅದಕ್ಕೆ ಆ ಪಾಂಡಿತ್ಯವಿಲ್ಲ. ಹಿಂದಿನ ಅನೇಕ ಫಿಲ್ಟರುಗಳು ಅಕ್ಷರಗಳನ್ನಷ್ಟೇ ಹೋಲಿಸಿ ನೋಡುತ್ತಿದ್ದುವು. 1996ರಲ್ಲಿ ಇಂಗ್ಲೆಂಡಿನ ಸ್ಕಂತೋರ್ಪ್ ಎಂಬ ಊರಿನವರು ಎ.ಒ.ಎಲ್. ಕಂಪನಿಯ ಸೇವೆಗೆ ಹೆಸರು ನೋಂದಾಯಿಸಹೋದಾಗ, ಆ ಊರಿನ ಹೆಸರಿನ ನಡುವೆ ಅಶ್ಲೀಲ ಪದವೊಂದರ ಅಕ್ಷರಗಳು ಅಡಗಿದ್ದುದರಿಂದ ಊರಿಗೆ ಊರೇ ತಿರಸ್ಕೃತವಾಯಿತು. ಇದೇ ನ್ಯಾಯದಿಂದ, ಕನ್ನಡದಲ್ಲಿ ‘ಹೆಂಡ’ವನ್ನು ನಿಷೇಧಿಸಿದ ಫಿಲ್ಟರ್ ‘ಹೆಂಡತಿ’ಯನ್ನೂ ಒಳಬಿಡಲಾರದು. ಇಂದಿನ ಜಾಲದಲ್ಲಿಯಾದರೋ ಪುಟಗಳು ಬಹುಮಟ್ಟಿಗೆ ಮುದ್ರೆಯೊತ್ತಿದ ಲಕೋಟೆಗಳಲ್ಲಿ ಸಂಚರಿಸುತ್ತವೆ. ಪ್ರತಿ ಯಂತ್ರದಲ್ಲಿಯೂ ವಿಶೇಷ ಪ್ರಮಾಣಪತ್ರವನ್ನು ಸ್ಥಾಪಿಸಿ ಮುದ್ರೆಯನ್ನೊಡೆಯುವ ವ್ಯವಸ್ಥೆಗಳು ಉಂಟಾದರೂ, ಸಾಧಾರಣ ಫಿಲ್ಟರಿಗೆ ಕಾಣುವುದು ಲಕೋಟೆಯ ಮೇಲಿನ ಮನೆಯ ಹೆಸರು, ಎಂದರೆ ತಾಣದ ಹೆಸರು, ಮಾತ್ರ. ಯಾವ ಮನೆಯೆಂಬುದು ಅದಕ್ಕೆ ಗೊತ್ತು, ಆ ಮನೆಯ ಯಾವ ಕೋಣೆಯೆಂಬುದು ಗೊತ್ತಿಲ್ಲ.

ಅಧ್ಯಾಪಕಿಯವರ ಪ್ರಶ್ನೆಗೆ ಉತ್ತರವೂ ಇಲ್ಲಿಯೇ ಇದೆ. ಪರದೆಯ ಮೇಲೆ ಒಂದಾಗಿ ಕಾಣುವ ಪುಟವು ಒಂದೇ ಮನೆಯಿಂದ ಬರುವುದಿಲ್ಲ. ಶಿಕಾರಿಪುರದ ಹುಚ್ಚುರಾಯಸ್ವಾಮಿಯ ತೇರನ್ನು ಒಮ್ಮೆ ಭಾವಿಸಿಕೊಳ್ಳಿ: ಗಾಲಿ ಒಂದೂರಿನಿಂದ, ಹಗ್ಗ ಇನ್ನೊಂದೂರಿನಿಂದ, ಪತಾಕೆ ಮತ್ತೊಂದೂರಿನಿಂದ ಬರುವುದಾಗಿದ್ದು, ತೇರಿನ ಹೆಸರೊಂದನ್ನೇ ಬರೆದುಕೊಂಡಿರುವ ಕಾವಲುಗಾರನು ಹಗ್ಗದ ಗಾಡಿಯನ್ನು ನಾಕೆಯಲ್ಲಿ ತಡೆದನೆಂದರೆ, ತೇರು ಸರ್ವಾಲಂಕಾರಭೂಷಿತವಾಗಿ ನಿಂತಲ್ಲಿಯೇ ನಿಲ್ಲುತ್ತದೆ. ಪುಟಕ್ಕೆ ಚಲನೆಯನ್ನು ಕೊಡುವ ಜಾವಾಸ್ಕ್ರಿಪ್ಟ್ ಕಡತಗಳು ಅನೇಕ ವೇಳೆ ಬೇರೊಂದು ಹೆಸರಿನ ಉಗ್ರಾಣದಲ್ಲಿರುತ್ತವೆ. ಆ ಉಗ್ರಾಣದ ಹೆಸರು ಅನುಮತಿಯ ಪಟ್ಟಿಯಲ್ಲಿಲ್ಲ. ಕೀಲಿಮಣೆಯಲ್ಲಿ ಎಫ್ 12 ಒತ್ತಿ, ‘ನೆಟ್‌ವರ್ಕ್’ ಎಂಬ ವಿಭಾಗವನ್ನು ತೆರೆದು, ಪುಟವನ್ನು ಮತ್ತೊಮ್ಮೆ ತರಿಸಿದರೆ, ತಡೆಹಿಡಿಯಲ್ಪಟ್ಟ ಕಡತಗಳ ಹೆಸರುಗಳು ಕೆಂಪಕ್ಷರಗಳಲ್ಲಿ ಬೀಳುತ್ತವೆ. ಅವು ಬರಬೇಕಾದ ಉಗ್ರಾಣಗಳ ಹೆಸರುಗಳನ್ನು ಬರೆದುಕೊಂಡು ಫಿಲ್ಟರಿನ ಹೊಣೆಗಾರರಿಗೆ ಕಳುಹಿಸಬೇಕು. ‘ಸೈಟ್ ಓಪನ್ ಆಗ್ತಿಲ್ಲ’ ಎಂಬ ದೂರಿಗಿಂತ ಇಂತಹ ನಾಲ್ಕು ಹೆಸರುಗಳ ಚೀಟಿ ಎಷ್ಟೋ ಮೇಲು.

ಈ ತಡೆಯನ್ನು ದಾಟಲು ಹುಡುಗರು ಬಲ್ಲ ಅಡ್ಡದಾರಿಯೊಂದಿದೆ. ಬಿಟ್ಟಿಯಾಗಿ ದೊರೆಯುವ ವಿ.ಪಿ.ಎನ್. ಎಂಬುದು. ಅದನ್ನು ಸರ್ವವಿಘ್ನಹರವಾದ ಮಂತ್ರವೆಂಬಂತೆ ಒಬ್ಬರಿಂದೊಬ್ಬರು ಉಪದೇಶ ಪಡೆಯುತ್ತಾರೆ. ಶಾಲೆಯ ಕಾವಲನ್ನು ತಪ್ಪಿಸಿಕೊಂಡು, ತಮ್ಮ ಸಮಸ್ತ ಸಂಚಾರವನ್ನೂ ಕಂಡರಿಯದ ಪರಸ್ಥಳದವನೊಬ್ಬನ ಕೈಗೊಪ್ಪಿಸುವುದು ಜಾಣತನವಲ್ಲ. ಮಕ್ಕಳಿಗೆ ಕಾವಲು ಬೇಕು. ಪಾಠದ ಹಗ್ಗ ಆ ಕಾವಲಿಗೆ ಸಿಕ್ಕಿಬೀಳಬಾರದು, ಅಷ್ಟೆ.

ಇದಕ್ಕಿರುವ ಒಂದು ಉಪಾಯವನ್ನು ನೆನೆದಾಗಲೆಲ್ಲ ನನಗೆ ಅತ್ಯಂತ ಸಂತೋಷವಾಗುತ್ತದೆ. ಭೌತವಿಜ್ಞಾನದಲ್ಲಿ 2001ರ ನೊಬೆಲ್ ಪಾರಿತೋಷಕವನ್ನು ಹಂಚಿಕೊಂಡ ಕಾರ್ಲ್ ವೈಮನ್ ಅವರು 2002ರಲ್ಲಿ ಅಮೆರಿಕೆಯ ಕೊಲರಾಡೊ ವಿಶ್ವವಿದ್ಯಾನಿಲಯದಲ್ಲಿ ಆರಂಭಿಸಿದ ‘ಫೆಟ್’ ಎಂಬ ಯೋಜನೆಯ ಪ್ರಯೋಗಗಳನ್ನು ಕನ್ನಡದಲ್ಲಿಯೂ ನೋಡಬಹುದು. ಅವುಗಳ ಈಗಿನ ಆವೃತ್ತಿಗಳಲ್ಲಿ ಒಂದೊಂದು ಪ್ರಯೋಗವೂ ಒಂದೇ ಕಡತ. ಗಾಲಿ, ಹಗ್ಗ, ಪತಾಕೆ ಎಲ್ಲವೂ ಅದರೊಳಗೇ. ಚಿತ್ರವನ್ನು ಬರಹದ ಕಡತದೊಳಗೆ ಹೊಲಿಯುವುದೆಂತು? ಚಿತ್ರವೆಂಬುದು ಯಂತ್ರಕ್ಕೆ ಕೇವಲ ಅಂಕೆಗಳ ಸಾಲು. ಆ ಸಾಲಿನಿಂದ ಮೂರು ಮೂರು ಬೈಟುಗಳನ್ನು ತೆಗೆದುಕೊಂಡು, ಅವುಗಳ 24 ಬಿಟ್ಟುಗಳನ್ನು ಆರಾರರಂತೆ ನಾಲ್ಕು ಪಾಲು ಮಾಡಿ, ಒಂದೊಂದು ಪಾಲಿಗೂ ಒಂದೊಂದು ಅಕ್ಷರವನ್ನು ಕೊಡುತ್ತಾರೆ. ಇಂಗ್ಲಿಷಿನ ದೊಡ್ಡಕ್ಷರ 26, ಚಿಕ್ಕಕ್ಷರ 26, ಅಂಕೆ 10, ಚಿಹ್ನೆ 2; ಒಟ್ಟು 64 ಸಂಕೇತಗಳ ವರ್ಣಮಾಲೆ. ಬಲ್ಬಿನ ಚಿತ್ರ, ಕಿಡಿಯ ಸದ್ದು, ಎಲ್ಲವೂ ಹೀಗೆ ಅರ್ಥವಿಲ್ಲದ ಅಕ್ಷರಗಳ ದೀರ್ಘಪಂಕ್ತಿಯಾಗಿ ಪುಟದೊಳಗೇ ಕುಳಿತು, ತೆರೆದ ಕೂಡಲೆ ಮರಳಿ ಬೆಳಕೂ ಧ್ವನಿಯೂ ಆಗುತ್ತವೆ. ಗಾತ್ರ ಮೂರನೆಯ ಒಂದರಷ್ಟು ಹಿಗ್ಗುತ್ತದೆ, ನಿಜ. ಆದರೆ ಹೊರಗಿನ ಯಾವ ಉಗ್ರಾಣದ ಹಂಗೂ ಉಳಿಯುವುದಿಲ್ಲ. ಸೊರಬದ ಗುಡಿಗಾರರು ಒಂದೇ ಗಂಧದ ತುಂಡಿನಲ್ಲಿ ಆನೆಯನ್ನೂ ಅಂಬಾರಿಯನ್ನೂ ಬಳ್ಳಿಯನ್ನೂ ಅಂಟುಬೆಸುಗೆಗಳಿಲ್ಲದೆ ಬಿಡಿಸುವುದನ್ನು ಕಂಡವರಿಗೆ ಈ ಕೌಶಲದ ಸೊಗಸು ಕೂಡಲೇ ಮನವರಿಕೆಯಾದೀತು.

ಅದೇ ಸೊರಬದ ಶಾಲೆಗೆ ಆ ಭೇಟಿಯ ಮರುವಾರ ನಾನು ಪೆನ್‌ಡ್ರೈವಿನಲ್ಲಿ ಇಂತಹ ಒಂದು ಕಡತವನ್ನು ಕೊಂಡೊಯ್ದೆ. ಇಂಟರ್‌ನೆಟ್ಟಿನ ತಂತಿಯನ್ನು ಕಿತ್ತಿಟ್ಟೇ ಅದನ್ನು ತೆರೆದೆವು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಬಲ್ಬನ್ನು ತೆಗೆದುಹಾಕಿ ಬ್ಯಾಟರಿಯ ಎರಡು ಕೊನೆಗಳಿಗೂ ಬರಿಯ ತಂತಿಯನ್ನು ಜೋಡಿಸಿದಳು. ಪರದೆಯ ಬ್ಯಾಟರಿಯ ಮೇಲೆ ಜ್ವಾಲೆಯೆದ್ದಿತು. ಅವಳು ಮೌಸಿನಿಂದ ಸರಕ್ಕನೆ ಕೈ ತೆಗೆದುಕೊಂಡು, ಕ್ಷಣಕಾಲ ನೋಡುತ್ತಿದ್ದು, “ಸಾರ್, ನಮ್ಮನೆ ಟಾರ್ಚಿನ ಸೆಲ್ಲಿಗೂ ಹಿಂಗೇ ಮಾಡಿದ್ರೆ?” ಎಂದು ಕೇಳಿದಳು. ಅವಳ ಮೇಷ್ಟ್ರು ಸೀಮೆಸುಣ್ಣವನ್ನು ಕೈಗೆತ್ತಿಕೊಂಡು ಕರಿಹಲಗೆಯತ್ತ ತಿರುಗಿದರು.