ಕುದ್ರೋಳಿಯ ಸೆಕೆಯಲ್ಲಿ ಕಾದು ಕೆಂಡವಾಗುವ ಲ್ಯಾಪ್‌ಟಾಪ್

ಏಪ್ರಿಲ್-ಮೇ ಬಂತೆಂದರೆ ಮಂಗಳೂರಿನ ಕುದ್ರೋಳಿಯಲ್ಲಿ ಲ್ಯಾಪ್‌ಟಾಪ್‌ಗಳೂ ಸೆಕೆಗೆ ಬಸವಳಿಯುತ್ತವೆ. ಕೋಣೆಯೇ 33 ಡಿಗ್ರಿ ಕಾದಿದ್ದರೆ ಒಳಗಿನ ಫ್ಯಾನ್ ಎಳೆದುಕೊಳ್ಳುವುದೂ ಅದೇ ಗಾಳಿಯನ್ನು. ಗೇಮ್ ಆಡುವಾಗ, ವಿಡಿಯೊ ಎಡಿಟ್ ಮಾಡುವಾಗ ಗ್ರಾಫಿಕ್ಸ್ ಚಿಪ್ 80 ಡಿಗ್ರಿ ಮುಟ್ಟುವುದು ಸಹಜ. 90 ದಾಟಿದರೆ ಎಚ್ಚರ ಬೇಕು. ಆಗ ಚಿಪ್ ತನ್ನನ್ನು ಉಳಿಸಿಕೊಳ್ಳಲು ವೇಗ ತಗ್ಗಿಸುತ್ತದೆ, ಚಿತ್ರ ತಡವರಿಸುತ್ತದೆ, ಕೊನೆಗೆ ಯಂತ್ರವೇ ಆಫ್ ಆಗಬಹುದು.

ಪ್ರತ್ಯೇಕ ಗ್ರಾಫಿಕ್ಸ್ ಚಿಪ್ ಇದ್ದರೆ ಹೊಸ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲೇ ಅದರ ತಾಪ ನೋಡಬಹುದು.

ಮೊದಲು ಲ್ಯಾಪ್‌ಟಾಪನ್ನು ಹಾಸಿಗೆಯಿಂದ ಮೇಜಿಗೆ ಸರಿಸಿ, ಹಿಂಬದಿ ತುಸು ಎತ್ತರಿಸಬೇಕು. ಆಗಲೂ ತಾಪ ಇಳಿಯದಿದ್ದರೆ ಮುಚ್ಚಳ ಬಿಚ್ಚಿಸಬೇಕು. ಫ್ಯಾನಿಗೂ ಲೋಹದ ತೆಳು ರೆಕ್ಕೆಗಳಿಗೂ ನಡುವೆ ಧೂಳು, ಕೂದಲು, ಬಟ್ಟೆಯ ನಾರು ಸೇರಿ ಕಂಬಳಿಯಂತೆ ಹೆಣೆದುಕೊಂಡಿರುತ್ತವೆ. ಬ್ರಷ್‌ನಿಂದ ಅದನ್ನು ತೆಗೆಯುವಾಗ ಫ್ಯಾನ್ ತಿರುಗದಂತೆ ಹಿಡಿದಿರಬೇಕು. ಚಿಪ್ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ್ದರೆ ಹೊಸದು ಹಚ್ಚಬೇಕು.

ಇಷ್ಟಾದರೂ ತೆರೆಯ ಮೇಲೆ ಗೆರೆಗಳು ಮೂಡುತ್ತಿದ್ದರೆ ದೋಷ ಚಿಪ್‌ನಲ್ಲೇ ಇರಬಹುದು. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್‌ಗಳಲ್ಲಿ ಬಳಸಿದ ವಸ್ತು ದುರ್ಬಲವಾಗಿತ್ತೆಂದು ತಿಳಿಸಿ, ದುರಸ್ತಿ ಮತ್ತು ಬದಲಾವಣೆಗೆ 15ರಿಂದ 20 ಕೋಟಿ ಡಾಲರ್ ತೆಗೆದಿರಿಸುವುದಾಗಿ ಪ್ರಕಟಿಸಿತ್ತು. ವಾರಂಟಿ ಉಳಿದಿದ್ದರೆ ಸ್ಕ್ರೂ ಬಿಚ್ಚುವ ಮೊದಲೇ ಅಧಿಕೃತ ಸರ್ವಿಸ್ ಸೆಂಟರ್‌ಗೆ ಒಯ್ಯುವುದು ಒಳ್ಳೆಯದು.